ಹದಿನಾಲ್ಕರ ಪಾನಾ

ಕಳ್ಳ ಬಂದು ಹೋದ ಅಂಗಡಿಯಲ್ಲಿ ರಿಪೇರಿಯ ಮೂವತ್ತೆರಡು ಹತ್ಯಾರಗಳಿದ್ದವು. ಮೂವತ್ತೆರಡೂ ಅಲ್ಲೇ ಇದ್ದವು. ಅವನ್ನು ತೂಗುಹಾಕುವ ಸ್ಟ್ಯಾಂಡು ಮಾತ್ರ ಮಾಯವಾಗಿತ್ತು.

ಹವಾಲ್ದಾರ್ ಮೈಲಾರಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಎತ್ತು ಕದ್ದವರನ್ನು ಹಿಡಿದಿದ್ದ, ಹತ್ತಿ ಕದ್ದವರನ್ನು ಹಿಡಿದಿದ್ದ, ಮದುವೆ ಮನೆಯಿಂದ ಬುಂದೆಯ ಬುಟ್ಟಿ ಹೊತ್ತು ಓಡಿದವನನ್ನು ಬಾಯಲ್ಲಿ ಬುಂದೆ ಇರುವಾಗಲೇ ಹಿಡಿದಿದ್ದ. ಆದರೆ ನಟ್ಟು ತಿರುವುವ ಗಟ್ಟಿ ಪಾನಾಗಳನ್ನು ಬಿಟ್ಟು ಗುಜರಿ ತಗಡು ಹೊತ್ತೊಯ್ದ ಕಳ್ಳನನ್ನು ಕೇಳಿದ್ದು ಇದೇ ಮೊದಲು.

"ಬಾಷಾಸಾಬ್ರ, ನಿಮ್ಮ ಕಳ್ಳನ ತಲಿ ನೆಟ್ಟಗಿಲ್ಲ ನೋಡ್ರಿ," ಅಂದ.

"ನನ್ನ ತಲೀನೂ ನೆಟ್ಟಗ ಉಳಿಯೂದಿಲ್ರಿ ಸಾಹೇಬ್ರ. ನಾಳೆ ಹತ್ತಕ್ಕ ಧಾರವಾಡದವ್ರು ಬರ್ತಾರ. ಅವರಿಗೇನು ಬರೀ ಗ್ವಾಡಿ ತೋರಸ್ಲಿ?"

ಎಂಬತ್ತೈದನೇ ಇಸವಿಯ ವಿಜಯದಶಮಿ ಅದು. ತಿರ್ಲಾಪುರದಲ್ಲಿ ಬಸ್ಸು ನಿಲ್ಲುವ ಕಟ್ಟೆಯ ಬಾಜುವೇ ಬಾಷಾಸಾಬನ ಪಂಪು-ಇಂಜಿನ್ನು ರಿಪೇರಿ ಅಂಗಡಿ. ಮೂರು ಕಡೆ ತಗಡು, ಹಿಂದೆ ಕಲ್ಲಿನ ಗೋಡೆ. ಆ ಗೋಡೆಯ ಮೇಲೆ ಎರಡು ವರ್ಷದಿಂದ ಒಂದು ಸ್ಟ್ಯಾಂಡು ಬೆಳೆಯುತ್ತ ಬಂದಿತ್ತು. ಮೊದಲು ಟ್ರ್ಯಾಕ್ಟರಿನ ಮುರುಕು ಮಡ್‌ಗಾರ್ಡನ್ನು ಬಡಿದು ಚಪ್ಪಟೆ ಮಾಡಿದ. ಎತ್ತಿನ ಹಳೇ ಲಾಳ ಬಗ್ಗಿಸಿ ಸುತ್ತಿಗೆಗಳಿಗೆ ಕೊಕ್ಕೆ ಹಾಕಿದ. ಸವೆದ ಬೇರಿಂಗಿನ ಬಳೆಗಳಲ್ಲಿ ಸ್ಕ್ರೂ ಡ್ರೈವರುಗಳು ನಿಂತವು. ಎಣ್ಣೆ ಡಬ್ಬಿ ಅಡ್ಡಡ್ಡ ಕತ್ತರಿಸಿದ್ದು ನಟ್ಟು-ಬೋಲ್ಟಿನ ಖಾನೆಯಾಯಿತು. ನಡುವೆ ಮಡ್‌ಗಾರ್ಡು ತುಕ್ಕು ತಿಂದಲ್ಲಿ ಗುಜರಿಯಲ್ಲಿ ಸಿಕ್ಕ ಟ್ರಂಕಿನ ಮುಚ್ಚಳವನ್ನು ತೇಪೆ ಹೊಡೆದ. ಪಾನಾಗಳು ಎಂಟರಿಂದ ಮೂವತ್ತೆರಡರವರೆಗೆ ಸಾಲಾಗಿ, ಕಣ್ಣು ಮುಚ್ಚಿ ಕೈಹಾಕಿದರೂ ಬೇಕಾದ್ದೇ ಕೈಗೆ ಬರುವ ಹಾಗೆ.

ಧಾರವಾಡದ ರೈತರ ಸೊಸೈಟಿಯ ಇಂಜಿನಿಯರೊಬ್ಬರು ಜೀಪು ಕೆಟ್ಟು ಇಲ್ಲಿ ನಿಂತಾಗ ಅದನ್ನು ನೋಡಿ ಬೆರಗಾದರು. ಹನ್ನೆರಡು ಊರಿನ ರಿಪೇರಿ ಅಂಗಡಿಗಳಿಗೆ ಹನ್ನೆರಡು ಇಂಥವೇ ಬೇಕು, ದಸರೆಯ ಮರುದಿನ ದೊಡ್ಡ ಸಾಹೇಬರನ್ನು ಕರೆತರುತ್ತೇನೆ, ಒಪ್ಪಿದರೆ ಇದನ್ನೇ ಮಾದರಿಗೆಂದು ಧಾರವಾಡಕ್ಕೆ ಒಯ್ಯುತ್ತೇವೆ ಅಂದರು. ಈ ಕೆಲಸ ಸಿಕ್ಕರೆ ಬಾಷಾಸಾಬನ ಅಂಗಡಿ ಉಳಿಯುತ್ತಿತ್ತು. ಸಿಗದಿದ್ದರೆ ದೀಪಾವಳಿಗೆ ಬಾಗಿಲು ಹಾಕಿ ಹುಬ್ಬಳ್ಳಿಗೆ ಹೋಗಿ ಭಾವಮೈದುನನ ಗ್ಯಾರೇಜಿನಲ್ಲಿ ದುಡಿಯಬೇಕು. ದುಡಿಯುವುದಕ್ಕೆ ಅವನು ಹೆದರಿರಲಿಲ್ಲ. ಭಾವಮೈದುನನ ಕೈಕೆಳಗೆ ಅನ್ನುವುದೇ ಗಂಟಲಲ್ಲಿ ಇಳಿಯದ ತುತ್ತಾಗಿತ್ತು.

ಅಂಗಡಿಯ ಮುಂದೆ ಅರ್ಧ ಊರು ನೆರೆದಿತ್ತು. "ಯಾವನವ ಕದ್ದಾಂವ? ಕೈ ಕತ್ತರಸ್ರಿ!" ಎಂದು ಗದ್ದಲ. ಹಿಂದಿನ ಓಣಿಯ ಹಿಟ್ಟಿನ ಗಿರಣಿ ನಡೆಸುವ ಫಕೀರವ್ವ ಒಬ್ಬಳೇ ಮುಂದೆ ಬಂದು ಬಾಷಾಸಾಬನಿಗೆ ಚಹದ ಬಟ್ಟಲು ಕೊಟ್ಟಳು.

"ಕಾಕಾ, ಎದಿ ಒಡಕೋಬ್ಯಾಡ್ರಿ. ನಾಳೆ ಸಾಹೇಬ್ರು ಬರೂದ್ರೊಳಗ ಸಿಗತೈತಿ," ಅಂದಳು.

"ನಿನ್ನ ಬಾಯಾಗ ಸಕ್ರಿ ಬೀಳಲಿ ಮಗಳ," ಅಂದ ಬಾಷಾಸಾಬ.

* * *

"ನಿನ್ನೆ ಸಾಮಾನಿಗೆ ಖಂಡೇಪೂಜಿ ಮಾಡಿದವ್ರು ಯಾರು?" ಮೈಲಾರಪ್ಪ ಕೇಳಿದ.

"ನಾನಽರಿ," ಅಂದ ಮಲಕಪ್ಪ. ಇಪ್ಪತ್ತು ವರ್ಷದಿಂದ ಬಾಷಾಸಾಬನ ಜೊತೆ ಗ್ರೀಸು ಮೆತ್ತಿಕೊಂಡ ಪಾಲುದಾರ. "ಸೀಮಿಎಣ್ಣಿ ಅರಿಬಿ ತಗೊಂಡು ಸ್ಟ್ಯಾಂಡು, ಸಾಮಾನು ಎಲ್ಲಾ ತಿಕ್ಕಿದೆ. ಎರಡು ವರ್ಷದ ಜಿಡ್ಡು ಹೋಗಿ ಫಳಫಳ ಅಂದ್ವು. ವಿಭೂತಿ ಹಚ್ಚಿ, ಚಂಡುಹೂವ ಏರಿಸಿ, ದೀಪ ಹಚ್ಚಿದೆ. ಊರ ಮಂದಿ ಬಂದು ಮಂಡಕ್ಕಿ-ಬೆಲ್ಲ ತಗೊಂಡು ಹೋದ್ರು."

"ಆಮ್ಯಾಲೆ ಬೀಗ?"

"ದೀಪ ಉರಿಯೂ ಅಂಗಡಿಗೆ ಬೀಗ ಹಾಕ್ತಾರೇನ್ರಿ? ಬಾಗಲಾ ಮುಂದ ಮಾಡಿ ದೇವಿ ಪುರಾಣಕ್ಕ ಹೋದ್ನಿ. ಊರೆಲ್ಲಾ ಗುಡ್ಯಾಗಽ ಇತ್ತು."

"ಊರೆಲ್ಲಾ ಅಲ್ಲ. ಒಬ್ರು ಕಡಿಮಿ ಇದ್ರು," ಅಂದ ಮೈಲಾರಪ್ಪ.

ಅವನು ಮಂಡಿಯೂರಿ ಕೂತ. ಹೊಟ್ಟೆ ಸ್ವಲ್ಪ ತಕರಾರು ಮಾಡಿತು. ನೆಲದ ಮೇಲೆ ನಾಲ್ಕು ಮಡಿಕೆಯ ಗೋಣಿಚೀಲ. ಅದರ ಮೇಲೆ ಮೂವತ್ತೆರಡು ಹತ್ಯಾರಗಳು, ಸಣ್ಣದರಿಂದ ದೊಡ್ಡದರ ತನಕ ಸಾಲಾಗಿ. ಒಂದೂ ಬರೀ ನೆಲಕ್ಕೆ ತಾಗಿರಲಿಲ್ಲ. ಪ್ರತಿಯೊಂದರ ಮೇಲೂ ಅದರ ಹೂವು ಇತ್ತು. ಹೆಚ್ಚುಕಡಿಮೆ ಎಲ್ಲದಕ್ಕೂ ವಿಭೂತಿಯ ಗೆರೆ. ಹದಿನಾಲ್ಕರ ಪಾನಾದ ಮೇಲೆ ಗೆರೆಯ ಜಾಗದಲ್ಲಿ ಕೆಂಪು ಬೊಟ್ಟು ಇತ್ತು. ಪೂಜೆಯ ಸಾಮಾನಲ್ಲವೇ ಎಂದು ಮೈಲಾರಪ್ಪ ಅದನ್ನು ದಾಟಿ ಮುಂದೆ ಹೋದ. ಈ ದಾಟುವಿಕೆಗೆ ಮಧ್ಯಾಹ್ನ ಅವನು ತನ್ನನ್ನೇ ಬೈದುಕೊಳ್ಳಲಿದ್ದ.

ಗೋಡೆಯ ಕೆಳಗೆ ಸ್ಟ್ಯಾಂಡು ಬಿಗಿದಿದ್ದ ನಾಲ್ಕು ಬೋಲ್ಟು ಸಿಕ್ಕವು. ಬಿಚ್ಚಿದ ನಟ್ಟುಗಳನ್ನು ಅವುಗಳದೇ ಬೋಲ್ಟಿಗೆ ಎರಡೆರಡು ಸುತ್ತು ತಿರುವಿ ಒಂದು ಕರಟದಲ್ಲಿ ಇಟ್ಟಿದ್ದರು.

"ಇವು ಎಷ್ಟರ ನಟ್ಟು?"

"ಹದಿನಾಲ್ಕರದು," ಅಂದ ಬಾಷಾಸಾಬ.

* * *

ಊರಿನ ಬಾಯಿಗೆ ಆಗಲೇ ಒಂದು ಹೆಸರು ಸಿಕ್ಕಿತ್ತು. ಕಮ್ಮಾರ ಬಸವಣ್ಣೆಪ್ಪ. ನೇಗಿಲ ಕುಳ ಬಡಿಯುವ ಕೈ ತನ್ನದು, ಆರ್ಡರು ಸಾಬನಿಗೆ ಹೋಗುವಂತಾಯಿತಲ್ಲ ಎಂದು ತಿಂಗಳಿಂದ ಮುಖ ಊದಿಸಿಕೊಂಡಿದ್ದವನು.

ಮೈಲಾರಪ್ಪ ಅವನ ಕುಲುಮೆಗೆ ಕಾಲಿಟ್ಟ. ಕಾಲ ಕೆಳಗೆ ಕರಕರ ಅಂದಿತು. ನೆಲದ ತುಂಬ ನಟ್ಟು, ಮೊಳೆ, ತುಂಡು ಸರಳು. ಮೂಲೆಯಲ್ಲಿ ತಾಡಪತ್ರಿ ಮುಚ್ಚಿದ ಏನೋ ಒಂದು ಗೋಡೆಗೆ ಒರಗಿತ್ತು.

"ಅದೇನ್ಲೇ ಬಸವಣ್ಣೆಪ್ಪ?"

"ಏನಿಲ್ರಿ. ಹಳೇದು."

"ಹಳೇದಕ್ಕ ಹೊಸ ತಾಡಪತ್ರಿ ಯಾಕೋ?"

ಮೈಲಾರಪ್ಪ ಎಳೆದ. ತಾಡಪತ್ರಿ ಜಾರಿತು. ಒಳಗೆ ಸ್ಟ್ಯಾಂಡೇ ಇತ್ತು! ಲಾಳದ ಕೊಕ್ಕೆ, ಬೇರಿಂಗಿನ ಬಳೆ, ಡಬ್ಬಿಯ ಖಾನೆ, ಎಲ್ಲ ಇತ್ತು. ಮೈಲಾರಪ್ಪನ ಎದೆ ಹಿಗ್ಗಿತು. ಹಿಗ್ಗಿದ ಎದೆ ಇಳಿಯುವ ಮೊದಲೇ ಒಂದು ಕೊಕ್ಕೆ ಸಡಿಲಾಗಿ ದೊಡ್ಡ ಸುತ್ತಿಗೆ ಅವನ ಬೂಟಿನ ಮೇಲೆ ಬಿತ್ತು.

"ಯಪ್ಪೋ!"

"ಅದಕ್ಕಽ ಮುಟ್ಟಬ್ಯಾಡ್ರಿ ಅನ್ನಾಂವ ಇದ್ದೆ," ಬಸವಣ್ಣೆಪ್ಪ ಓಡಿ ಬಂದು ಬೂಟು ತಿಕ್ಕಿದ. "ಇದು ಅವರದಲ್ರಿ. ನನ್ನದು. ಅವ್ರು ನಮಾಜಕ್ಕ ಹೋದಾಗ ನೂಲು ಹಿಡದು ಅಳತಿ ತಗೊಂಡಿದ್ದೆ. ನಾನೂ ಒಂದು ಮಾಡಿ ಸಾಹೇಬ್ರಿಗೆ ತೋರಿಸೂಣು ಅಂತ. ಅಳತಿ ಕದ್ದೇನ್ರಿ, ಸ್ಟ್ಯಾಂಡು ಕದ್ದಿಲ್ಲ. ಅಳತಿ ಕದ್ದ್ರೂ ಕೇಸ್ ಆಗ್ತೈತೇನ್ರಿ?"

ಮೈಲಾರಪ್ಪ ಒಂಟಿ ಕಾಲಲ್ಲಿ ನಿಂತು ನೆಲ ನೋಡಿದ. ತನ್ನ ಅಂಗಡಿಯ ನಟ್ಟುಗಳನ್ನೇ ಕಡಲೆಯಂತೆ ಚೆಲ್ಲಿದವನು ಪರರ ನಟ್ಟನ್ನು ಅದರದೇ ಬೋಲ್ಟಿಗೆ ತಿರುವಿ ಕರಟದಲ್ಲಿ ಇಟ್ಟಾನೇ? ಇವನಲ್ಲ.

"ಕೇಸ್ ಆಗೂದಿಲ್ಲ. ಕೊಕ್ಕಿ ಗಟ್ಟಿ ಮಾಡು ಮೊದಲ," ಎಂದು ಕುಂಟುತ್ತ ಹೊರಟ.

ರಸ್ತೆಯಲ್ಲಿ ಗುಜರಿ ಫಕ್ರುಸಾಬನ ಕೈಗಾಡಿ ಎದುರಾಯಿತು. ಗಾಡಿಯ ಒಂದು ಕಡೆ ತುಕ್ಕು ಕಬ್ಬಿಣ, ಇನ್ನೊಂದು ಕಡೆ ಕೆಂಪು ಪ್ಲಾಸ್ಟಿಕ್ ಬಕೆಟ್ಟುಗಳ ಗೋಪುರ. ಹಳೇ ಕಬ್ಬಿಣ ಕೊಟ್ಟವರಿಗೆ ಹೊಸ ಬಕೆಟ್ಟು, ಅದು ಅವನ ವ್ಯಾಪಾರ.

"ಸ್ಟ್ಯಾಂಡು ನೋಡಿದ್ಯೇನೋ?"

"ನನ್ನ ಮ್ಯಾಲೆ ಸಂಶೇ ಏನ್ರಿ?" ಫಕ್ರುಸಾಬ ನಕ್ಕ. "ಕಬ್ಬಿಣದ ಆಸೆ ಇದ್ದಾಂವ ಪಾನಾ ಬಿಟ್ಟು ತಗಡು ಒಯ್ತಾನೇನ್ರಿ? ಅದರಾಗಿನ ಅರ್ಧ ಗುಜರಿ ನಾನಽ ಬಾಷಾಭಾಯಿಗೆ ಕೊಟ್ಟದ್ದು. ಮತ್ತ ಕದ್ದು ಏನ್ ಮಾಡ್ಲಿ?"

ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ. ಮೈಲಾರಪ್ಪ ಕುಂಟುತ್ತ ಮನೆ ಸೇರಿದ.

* * *

ಹೆಂಡತಿ ಗೌರಕ್ಕ ಎಲೆಯ ಮೇಲೆ ಹೋಳಿಗೆ ಬಡಿಸಿ ತುಪ್ಪ ಸುರಿದಳು. ಗಂಡ ಮುಟ್ಟಲಿಲ್ಲ. ಮೈಲಾರಪ್ಪ ಹೋಳಿಗೆ ಮುಟ್ಟಲಿಲ್ಲ ಅಂದರೆ ಇಲಾಖೆಗೆ ದೊಡ್ಡ ಕಷ್ಟ ಬಂದಿದೆ ಎಂದೇ ಅರ್ಥ.

"ಅಷ್ಟ್ಯಾಕ ತಲಿ ಕೆಡಿಸಿಕೊಂಡೀರಿ?"

"ಕಳ್ಳ ಸಾಮಾನ ಬಿಟ್ಟು ಸ್ಟ್ಯಾಂಡ್ ಒಯ್ದಾನ. ಹೂವ ಸುದ್ದಾ ಅಲುಗಾಡಿಲ್ಲ. ಅಂಥಾ ಭಕ್ತಿವಂತ ಕಳ್ಳ ಎಲ್ಲ್ಯಾನ?"

"ಉಣ್ರಿ ಮೊದಲ. ನಿಮ್ಮ ಸೈಕಲ್ ನಿಮ್ಮಕಿಂತಾ ಚಂದ ಕಾಣಾಕತ್ತೈತಿ ನೋಡ್ರಿ ಇವತ್ತ."

ಮೈಲಾರಪ್ಪ ಪಡಸಾಲೆಯತ್ತ ತಿರುಗಿದ. ಗೋಡೆಗೆ ಒರಗಿದ ಸೈಕಲ್ಲಿಗೆ ಪೂಜೆಯಾಗಿತ್ತು. ಹ್ಯಾಂಡಲ್ಲಿನ ಮೇಲೆ ಮೊದಲು ಅರಿಶಿನ, ಅದರ ಮೇಲೆ ದುಂಡನೆಯ ಕುಂಕುಮ. ಬೆಲ್ಲಿನ ಮೇಲೂ ಹಾಗೇ.

"ಯಾರು ಹಚ್ಚಿದ್ರು ಇದನ್ನ?"

"ನಾನಽ. ಮತ್ಯಾರ್ ಹಚ್ತಾರ? ಅರಿಶಿಣ ಇಲ್ಲದ ಬರೇ ಕುಂಕುಮ ಇಡಾಕ ನಾ ಏನ್ ಗಂಡಸೇನು?"

ಮೈಲಾರಪ್ಪನ ಕೈ ಹೋಳಿಗೆಯ ಮೇಲೆ ನಿಂತಿತು. ಹದಿನಾಲ್ಕರ ಪಾನಾ ಕಣ್ಣ ಮುಂದೆ ಬಂತು. ಕೆಂಪು ಬೊಟ್ಟಿನ ಸುತ್ತ ತೆಳುವಾಗಿ ಹಳದಿ ಇತ್ತು. ತಾನು ನೋಡಿಯೂ ನೋಡದೆ ದಾಟಿದ್ದ.

"ಗೌರಾ, ನೀ ಪೊಲೀಸ್ ಆಗಬೇಕಿತ್ತು," ಎಂದು ಎರಡು ಹೋಳಿಗೆ ಒಟ್ಟಿಗೇ ಬಾಯಿಗೆ ಹಾಕಿಕೊಂಡು ಸೈಕಲ್ ಹತ್ತಿದ.

ಅಂಗಡಿಯಲ್ಲಿ ಮಲಕಪ್ಪನಿಗೆ ಒಂದೇ ಪ್ರಶ್ನೆ. "ನಿನ್ನೆ ಕುಂಕುಮ ಹಚ್ಚಿದ್ಯೇನು?"

"ಇಲ್ರಿ. ನಮ್ಮಲ್ಲಿ ಬರೇ ವಿಭೂತಿ. ಗ್ರೀಸಿನ ಕೈಯಾಗ ಕುಂಕುಮ ರಾಡಿ ಆಗ್ತೈತಿ."

"ವಿಭೂತಿ ಅಂದ್ರ ನನಗೂ ನಡೀತೈತ್ರಿ," ಬಾಷಾಸಾಬ ಸೇರಿಸಿದ. "ನಮ್ಮ ದರ್ಗಾದ ಊದಿ ಇದ್ದಂಗ."

"ಹಂಗಾದ್ರ ನಡೀರಿ ಇಬ್ರೂ. ಮಲಕಪ್ಪ, ಆ ಪಾನಾ ತಗೋ. ಹಿಟ್ಟು ಬೀಸಿಸಿಕೊಂಡು ಬರೂಣು."

"ದಶಮಿ ದಿನಾ ಗಿರಣಿ ಬಂದ್ ಇರ್ತೈತ್ರೆಲ್ಲ!"

"ಅದಕ್ಕಽ ಹೊಂಟೇನಿ."

* * *

ಗಿರಣಿಯ ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ಟು ಬೋರಲು ಬಿದ್ದಿತ್ತು. ಮೇಲೊಂದು ಕೋಳಿ ಕೂತು ಊರ ವ್ಯವಹಾರ ನೋಡುತ್ತಿತ್ತು. ಬಕೆಟ್ಟು ಹೊಸದರ ಹಾಗೇ ಇತ್ತು. ಒಂದು ಹನಿ ನೀರು ಕಂಡ ಗುರುತು ಅದರಲ್ಲಿರಲಿಲ್ಲ. ಬಾಗಿಲ ಬಳಿ ಹಳೇ ತಾಮ್ರದ ಕೊಡದಲ್ಲಿ ನೀರು ತುಂಬಿತ್ತು.

ಒಳಗಿನಿಂದ ತಗಡಿಗೆ ಅರ ತಿಕ್ಕುವ ಸಪ್ಪಳ.

"ಫಕೀರವ್ವ, ಜ್ವಾಳಾ ತಂದೇನವ್ವ," ಮೈಲಾರಪ್ಪ ಕೂಗಿದ.

ಸಪ್ಪಳ ನಿಂತಿತು. "ಗಿರಣಿ ಬಂದ್ ಐತ್ರಿ."

"ಬಂದ್ ಇದ್ದ ಗಿರಣಿ ಅರ ಯಾಕ ತಿಕ್ಕತೈತಿ?"

ಒಳಗೆ ಅರ ಕೆಳಗಿಟ್ಟ ಸಪ್ಪಳ. ಆಮೇಲೆ ಅಗುಳಿ ಸರಿಯಿತು. ಫಕೀರವ್ವ ತಲೆತಗ್ಗಿಸಿ ನಿಂತಿದ್ದಳು. ಅವಳ ಹಿಂದೆ, ಬೀಸುವ ಕಲ್ಲಿಗೆ ಒರಗಿ, ಬಾಷಾಸಾಬನ ಸ್ಟ್ಯಾಂಡು ನಿಂತಿತ್ತು.

"ಯಾ ಅಲ್ಲಾ! ನೀನಾ ಮಗಳ?" ಬಾಷಾಸಾಬ ಹೊಸ್ತಿಲ ಮೇಲೇ ಕೂತುಬಿಟ್ಟ.

"ನಾ ಹೇಳ್ತೇನಿ ಕೇಳ್ರಿ," ಮೈಲಾರಪ್ಪ ಗೋಣಿಚೀಲದ ಮೇಲೆ ಕೂತ. ಇಂಥ ಹೊತ್ತಿಗೆ ಅವನಿಗೆ ಕೂತು ಮಾತಾಡುವುದೇ ಇಷ್ಟ. "ಕಳ್ಳ ನಟ್ಟು ಬಿಚ್ಚಿ ಅದರ ಬೋಲ್ಟಿಗೇ ತಿರುವಿ ಇಟ್ಟಾನ. ದಿನಾ ಮಷೀನ್ ಬಿಚ್ಚಿ ಜೋಡಸೂ ಕೈ ಅದು. ಇಲ್ಲಾಂದ್ರ ಆ ಬುದ್ಧಿ ಬರೂದಿಲ್ಲ. ಪೂಜಿ ಮಾಡಿದ ಪಾನಾ ಹಿಡದು ತಿರುವಿದಾಗ ಅದರ ಮ್ಯಾಲಿನ ವಿಭೂತಿ ಅಳಿಸೇತಿ. ಕಳ್ಳಗ ಹೆದರಿಕಿ ಆತು, ದೇವರ ಸಾಮಾನ ಬರಿದಾತಲ್ಲ ಅಂತ. ಪುರಾಣಕ್ಕ ಹೊಂಟಾಕಿ ಕೈಯಾಗ ಅರಿಶಿಣ-ಕುಂಕುಮದ ಪೊಟ್ಟಣ ಇತ್ತು. ಅರಿಶಿಣ ಮೊದಲು, ಮ್ಯಾಲೆ ಕುಂಕುಮ. ಅಂದ್ರ ಕಳ್ಳ ಅಲ್ಲ, ಕಳ್ಳಿ. ಈ ಊರಾಗ ಪಾನಾ ಹಿಡಿಯೂ ಹೆಣ್ಮಕ್ಕಳು ಎಷ್ಟು ಮಂದಿ ಅದಾರ?"

"ಒಬ್ಬಾಕಿನಽ," ಅಂದ ಮಲಕಪ್ಪ.

"ಜ್ವಾಳದ ಚೀಲ ತಲಿ ಮ್ಯಾಲೆ ಹೊತ್ತಾಡಾಕಿಗೆ ಈ ಸ್ಟ್ಯಾಂಡ್ ಯಾ ಲೆಕ್ಕ? ಇನ್ನೊಂದು. ಬೆಳಿಗ್ಗೆ ಎಲ್ಲಾರೂ ಯಾರು ಕದ್ರು ಅಂತ ಕೇಳಿದ್ರ, ಈಕಿ ಒಬ್ಬಾಕಿ ಯಾವಾಗ ಸಿಗತೈತಿ ಅಂತ ಹೇಳಿದ್ಲು. ಯಾಕ ಕದ್ಲು ಅನ್ನೂದು ಮಾತ್ರ ಹೊರಗ ಕಟ್ಟಿ ಮ್ಯಾಲೆ ಐತಿ, ಕೋಳಿ ಕೆಳಗ. ಆ ಬಕೆಟ್ಟಿಗೆ ಏನು ಕೊಟ್ರವ್ವ?"

ಫಕೀರವ್ವನ ಕಣ್ಣು ತುಂಬಿತು. ಅವಳು ಮೂಲೆಯಿಂದ ಸೀರೆಯಲ್ಲಿ ಸುತ್ತಿದ ತಗಡೊಂದನ್ನು ತಂದು ಬಿಚ್ಚಿದಳು. ಟ್ರಂಕಿನ ಮುಚ್ಚಳ. ಅದರ ಮೇಲೆ ಎದುರುಬದುರು ಎರಡು ಹಸಿರು ಗಿಳಿ.

"ನಮ್ಮಪ್ಪ ಬಮ್ಮಿಗಟ್ಟ್ಯಾಗ ಚಕ್ಕಡಿಗೆ ಬಣ್ಣಾ ಹಚ್ಚತಿದ್ದ. ನನ್ನ ಮದುವಿ ಟ್ರಂಕಿಗೆ ತಾನಽ ಕುಂತು ಬರದ. ಈ ಗಿಳೀದು ಒಂದು ಕಣ್ಣ ದೊಡ್ಡದಾತು. ನಾ ಅತ್ತುಬಿಟ್ಟೆ. 'ಇದು ನೀನವ್ವಾ, ಕಣ್ಣ ತೆರಕೊಂಡು ಬಾಳೇವು ಮಾಡು' ಅಂದ. ಅಪ್ಪ ಹೋಗಿ ಆರು ವರ್ಷ ಆತು. ಅವನ ಕೈದು ಅಂತ ಉಳದದ್ದು ಇದೊಂದಽ. ಹೋದ ವರ್ಷ ನಾ ತಂಗಿ ಬಾಣಂತನಕ್ಕ ದುಮ್ಮವಾಡಕ್ಕ ಹೋದಾಗ ನಮ್ಮನ್ಯಾಗಿನವ್ರು ಟ್ರಂಕ್ ಕೊಟ್ಟು ಬಕೆಟ್ ತಗೊಂಡಾರ."

ಗಂಡ ಹೊಳೆಪ್ಪ ಹಿಂದಿನ ಬಾಗಿಲಿಂದ ಇಣುಕಿದ. "ಬಕೆಟ್ ಗಟ್ಟಿ ಐತ್ರಿ, ಸೋರೂದಿಲ್ಲ..." ಎಂದವನು ಹೆಂಡತಿಯ ನೋಟ ಕಂಡು ಬಂದ ದಾರಿಯಲ್ಲೇ ಹೋದ.

"ನಿನ್ನೆ ಮಂಡಕ್ಕಿ ತಗೊಳ್ಳಾಕ ಬಂದಾಗ ಜಿಡ್ಡು ಹೋಗಿ ಗಿಳಿ ಕಂಡ್ವು," ಫಕೀರವ್ವ ಮುಂದುವರಿಸಿದಳು. "ಎದಿ ಝಲ್ ಅಂತು. ಕೇಳಿದ್ರ ಕಾಕಾ ಕೊಡತಿದ್ರು, ಗೊತ್ತೈತಿ. ಆದ್ರ ಬಕೆಟ್ಟಿನ ಸುದ್ದಿ ಹೇಳಬೇಕಿತ್ತು. ಊರೆಲ್ಲಾ ನಗತಿತ್ತು. ನಾಳೆ ಸಾಹೇಬ್ರು ಒಯ್ದುಬಿಟ್ರ ಕೈ ತಪ್ಪಿತು ಅಂತ ಹೊತ್ಕೊಂಡು ಬಂದೆ. ಮುಚ್ಚಳ ಬಿಡಿಸಿ, ಬ್ಯಾರೆ ತಗಡ ಜೋಡಿಸಿ, ಸಂಜೀಕ ಎಲ್ಲಾರೂ ಬನ್ನಿ ತರಾಕ ಹೋದಾಗ ಇಟ್ಟು ಬರಬೇಕಂತ ಮಾಡಿದ್ದೆ. ಕಾಕಾ, ನಿಮ್ಮ ಮಾರಿ ನೋಡಿ ಬೆಳಿಗ್ಗಿಂದ ಒಂದು ತುತ್ತು ಇಳದಿಲ್ಲ ನನಗ."

ಬಾಷಾಸಾಬ ಎದ್ದು ಸ್ಟ್ಯಾಂಡಿನ ಹತ್ತಿರ ಹೋದ. ಅವನ ಕಣ್ಣು ಸ್ಟ್ಯಾಂಡಿನ ನಡುವೆ ನೆಟ್ಟಿತ್ತು. ಗಿಳಿಗಳಿದ್ದ ಜಾಗದಲ್ಲಿ ಗಿರಣಿಯ ಹಳೇ ತಗಡಿನ ಜಾರುಬುಟ್ಟಿಯೊಂದು ಕೂತಿತ್ತು. ಮೇಲೆ ಅಗಲ, ಕೆಳಗೆ ಸಣ್ಣ ಬಾಯಿ. ಜೋಳ ಕಲ್ಲಿಗೆ ಇಳಿಯುವ ಬುಟ್ಟಿಯ ಹಾಗೆಯೇ. ಅವನು ಜೇಬಿನಿಂದ ನಾಲ್ಕಾರು ನಟ್ಟು ತೆಗೆದು ಮೇಲೆ ಹಾಕಿದ. ಕೆಳಗೆ ಬೆರಳು ಒಡ್ಡಿದ. ನಟ್ಟುಗಳು ಒಂದರ ಹಿಂದೊಂದು ಬೆರಳ ತುದಿಗೇ ಬಂದವು.

"ಎರಡು ವರ್ಷ ಡಬ್ಬ್ಯಾಗ ನಟ್ಟು ಹುಡುಕಿ ಉಗುರು ಸವದಾವ," ಅಂದ ಮೆಲ್ಲಗೆ. "ಇದು ನನ್ನ ತಲಿಗೆ ಯಾಕ ಹೊಳೀಲಿಲ್ಲ?"

ಮೈಲಾರಪ್ಪ ಡೈರಿ ತೆಗೆದ. "ಇನ್ನ ಹೇಳ್ರಿ. ಕೇಸ್ ಬರೀಲೋ ಬ್ಯಾಡೋ?"

"ಬರಕೋರಿ," ಅಂದ ಬಾಷಾಸಾಬ. ಫಕೀರವ್ವನ ಮುಖ ಬಿಳಿಚಿತು. "ಬಾಷಾಸಾಬನ ಸ್ಟ್ಯಾಂಡ್ ರಿಪೇರಿಗೆ ಗಿರಣಿಗೆ ಹೋಗಿತ್ತು, ರಿಪೇರಿ ಚಲೋ ಆಗೇತಿ ಅಂತ."

* * *

ಸಂಜೆ ಊರೆಲ್ಲ ಬನ್ನಿ ಎಲೆ ಹಿಡಿದು ಮನೆಮನೆಗೆ ತಿರುಗಿತು. ಫಕೀರವ್ವ ಅಂಗಡಿಗೆ ಬಂದು ಬಾಷಾಸಾಬನ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟಿದಳು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಕಾಕಾ," ಅಂದಳು. ಅವನು ಬನ್ನಿಯನ್ನು ಕಣ್ಣಿಗೊತ್ತಿಕೊಂಡು ಕಿಸೆಗೆ ಇಟ್ಟುಕೊಂಡ. ಗಿಳಿಗಳ ಮುಚ್ಚಳಕ್ಕೆ ತಾನೇ ನಾಲ್ಕು ಲಾಳದ ಕೊಕ್ಕೆ ಹೊಡೆದು ಗಿರಣಿಯ ಗೋಡೆಗೆ ಏರಿಸಿಕೊಟ್ಟ. ಅವಳ ಪಾನಾಗಳು ಈಗ ದೊಡ್ಡ ಕಣ್ಣಿನ ಗಿಳಿಯ ಕೆಳಗೆ ತೂಗಿದವು. ಹೊಳೆಪ್ಪ ಆ ಕೆಂಪು ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಸುಮ್ಮನೆ ಕೊಡ ತುಂಬಿದ. ಅದು ಅವನ ಬನ್ನಿ.

ಮರುದಿನ ಹತ್ತಕ್ಕೆ ಸರಿಯಾಗಿ ಜೀಪು ಬಂತು. ದೊಡ್ಡ ಸಾಹೇಬರು ಸ್ಟ್ಯಾಂಡಿನ ಮುಂದೆ ಕೈಕಟ್ಟಿ ನಿಂತರು. ಲಾಳ ಎಳೆದು ನೋಡಿದರು, ಬೇರಿಂಗು ತಿರುಗಿಸಿದರು. ಜಾರುಬುಟ್ಟಿಯ ಬಾಯಿಗೆ ಬೆರಳು ಒಡ್ಡಿದರು. ನಟ್ಟು ಬಂದು ಬೆರಳ ಮೇಲೆ ಕೂತಿತು. ಸಾಹೇಬರು ಸಣ್ಣ ಹುಡುಗನಂತೆ ಮತ್ತೆ ಮತ್ತೆ ಒಡ್ಡಿದರು.

"ಇದು ಯಾರ ತಲೆ?"

"ಈಕೀದ್ರಿ," ಬಾಷಾಸಾಬ ಫಕೀರವ್ವನನ್ನು ಮುಂದಕ್ಕೆ ಕರೆದ. "ಉಳದದ್ದು ನಾನೂ ಮಲಕಪ್ಪನೂ."

"ಹನ್ನೆರಡಕ್ಕೂ ಈ ಬುಟ್ಟಿ ಬೇಕು. ಇದನ್ನು ಈಗಲೇ ಜೀಪಿಗೆ ಹಾಕಿಸಿ. ಮಾದರಿಗೆ ಒಯ್ಯುತ್ತೇವೆ."

ಮಲಕಪ್ಪ ಹತ್ಯಾರಗಳನ್ನು ಇಳಿಸತೊಡಗಿದ. ಬಾಷಾಸಾಬ ಕಣ್ಣು ಮುಚ್ಚಿ ಕೈಹಾಕಿ ಹದಿನಾಲ್ಕರ ಪಾನಾ ತೆಗೆದ. ಅರಿಶಿನ-ಕುಂಕುಮ ಮಾಸಿದ್ದರೂ ಇನ್ನೂ ಇತ್ತು. ಅದನ್ನು ಫಕೀರವ್ವನ ಕೈಗೆ ಕೊಟ್ಟ.

"ನೀನಽ ಬಿಚ್ಚು ಮಗಳ. ನಿನಗ ರೂಢಿ ಐತಿ."

ಇಡೀ ಅಂಗಡಿ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಫಕೀರವ್ವ. ಸಾಹೇಬರಿಗೆ ಏನೂ ತಿಳಿಯಲಿಲ್ಲ. ಹವಾಲ್ದಾರರ ಮುಖ ನೋಡಿದರು. ಮೈಲಾರಪ್ಪ ಗಂಭೀರವಾಗಿ ಟೊಪ್ಪಿಗೆ ಸರಿಮಾಡಿಕೊಂಡು, ಬಿಚ್ಚಿದ ನಟ್ಟುಗಳಿಗೆಂದು ಕರಟ ಹಿಡಿದು ನಿಂತ.